ಸೇತುವೆ ನೋಡು, ಹಿಸ್ಕೆ

"ಓದಿದಾನೆ... ಹಾಗಿದ್ರೆ ಉತ್ತರ ಯಾಕೆ ಬರೆದಿಲ್ಲ?"

ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲು, ಸೇತುವೆ ಎತ್ತಿ ಇಳಿಸುವವರ ಆ ಪುಟ್ಟ ಗೂಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಗೋಡೆಗೆ ಒರಗಿಸಿಟ್ಟ ಗಾಳದ ಕೋಲು, ಅದರ ದಾರದ ತುದಿಗೆ ಕಟ್ಟಿದ ಹಳದಿ ಬಣ್ಣದ ಮರದ ಮೆಟ್ಟು, ಕಪಾಟಿನ ಮೇಲೊಂದು ಖಾಲಿ ಬಿಸ್ಕತ್ತಿನ ಡಬ್ಬಿ. ಅಷ್ಟೇ.

ಹಿಸ್ಕೆ ಮತ್ತೆ ಫೋನ್ ನೋಡಿದಳು. ನಿನ್ನೆ ಸಂಜೆ ಕಳಿಸಿದ ಸಂದೇಶದ ಕೆಳಗೆ ಎರಡು ನೀಲಿ ಗೆರೆ. ಅಂದರೆ ಓದಿಯಾಗಿದೆ. ಮೊನ್ನೆಯದರ ಕೆಳಗೂ ಎರಡು ನೀಲಿ ಗೆರೆ. ಆರು ವಾರಗಳಿಂದ ದಿನಕ್ಕೊಂದರಂತೆ ನಲವತ್ತೊಂದು ಸಂದೇಶ ಬರೆದಿದ್ದಾಳೆ. ಯೊರಿಟ್ ನಲವತ್ತೊಂದನ್ನೂ ಓದಿದ್ದಾನೆ. ಒಂದು ಪದವೂ ತಿರುಗಿ ಬಂದಿಲ್ಲ.

ಅಷ್ಟರಲ್ಲಿ ಕಾಲುವೆಯ ತಿರುವಿನ ಆಚೆಯಿಂದ ದೋಣಿಯ ಹಾರ್ನ್ ಕೇಳಿಸಿತು.

ಒಂದು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ಗುರು, ಲಘು, ಗುರು. ಸೇತುವೆ ತೆರೆ ಎಂದು ಕೇಳುವ ಈ ಮೂರು ಸ್ವರಗಳನ್ನು ಅವಳು ತೊಟ್ಟಿಲಲ್ಲಿದ್ದಾಗಿನಿಂದ ಕೇಳುತ್ತ ಬಂದವಳು. ನಡೆ ಎಲ್ಲಕ್ಕೂ ಒಂದೇ, ಕಂಠ ಮಾತ್ರ ದೋಣಿಯಿಂದ ದೋಣಿಗೆ ಬೇರೆ. ಈ ಕಂಠ ಮಾತ್ರ...

ಅದು ಯೊರಿಟ್‌ನ ದೋಣಿ.

ಫೋನನ್ನು ಬಿಸ್ಕತ್ತಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದಳು. ಗಂಟೆ ಬಾರಿಸಿದಳು. ಕೆಂಪು ದೀಪ. ಎಡಗಡೆಯ ಗೇಟು, ಬಲಗಡೆಯ ಗೇಟು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಮತ್ತೆ ಎಡಕ್ಕೆ ನೋಡಿದಳು. ಸೇತುವೆಯ ಹಲಗೆಯ ಮೇಲೆ ಒಂದು ಬಾತುಕೋಳಿಯೂ ಇಲ್ಲವೆಂದು ಖಚಿತವಾದ ಮೇಲೆಯೇ ಅದನ್ನು ಎತ್ತುವ ಗುಂಡಿ ಒತ್ತಿದಳು.

ಜೊಂಡಿನ ಕಟ್ಟುಗಳನ್ನು ಹೊತ್ತ ಅಗಲವಾದ ದೋಣಿ ನಿಧಾನವಾಗಿ ಬಂತು. ಚುಕ್ಕಾಣಿಯ ಬಳಿ ಅವನೇ. ಗಡ್ಡ ಬಿಟ್ಟಿದ್ದ. ಕೆನ್ನೆ ಒಳಸೇರಿತ್ತು. ಮಾರ್ಚ್ ತಿಂಗಳ ಆ ದಿನದ ನಂತರ ಈ ಕಾಲುವೆಗೆ ಅವನು ಬಂದದ್ದು ಇದೇ ಮೊದಲು.

ಹಿಸ್ಕೆ ಗಾಳದ ಕೋಲು ಎತ್ತಿ ಮೆಟ್ಟನ್ನು ಕಿಟಕಿಯಿಂದ ಕೆಳಗಿಳಿಸಿದಳು. ಅದರೊಳಗೆ ಕಾಗದದಲ್ಲಿ ಸುತ್ತಿದ ಸಕ್ಕರೆ ಬ್ರೆಡ್ಡಿನ ತುಂಡು. ಮೆಟ್ಟು ಅವನ ಭುಜದ ಪಕ್ಕದಲ್ಲೇ ತೂಗಿತು. ಅವನು ಕೈ ಚಾಚಲಿಲ್ಲ.

"ಯೊರಿಟ್... ನಾನು ಬರೆದಿದ್ದನ್ನೆಲ್ಲ ನೋಡಿದೆಯಾ?"

ಇಂಜಿನ್ನಿನ ಸದ್ದಿನ ನಡುವೆ ಅವನು ಒಮ್ಮೆ ಮಾತ್ರ ತಲೆ ಎತ್ತಿದ.

"ಈಗ ಮಾತು ಬೇಡ. ಸೇತುವೆ ನೋಡು, ಹಿಸ್ಕೆ."

ದೋಣಿ ದಾಟಿ ಹೋಯಿತು.

ಸೇತುವೆ ನೋಡು! ಅಂದು ನೋಡಲಿಲ್ಲ, ಇಂದಾದರೂ ನೋಡು ಎಂದನಲ್ಲವೇ... ಹಿಸ್ಕೆ ಹಲಗೆಯನ್ನು ಇಳಿಸಿದಳು, ಗೇಟುಗಳನ್ನು ಎತ್ತಿದಳು, ಕಾಯುತ್ತಿದ್ದ ಸೈಕಲ್‌ಗಳೆಲ್ಲ ದಾಟುವವರೆಗೆ ನಿಂತೇ ಇದ್ದಳು. ಆಮೇಲೆ ಸ್ಟೂಲಿನ ಮೇಲೆ ಕೂತು ಮುಖ ಮುಚ್ಚಿಕೊಂಡಳು.

* * *

ಎರಡು ಬೇಸಿಗೆಗಳ ಹಿಂದೆ ಇದೇ ಕಿಟಕಿಯ ಕೆಳಗೆ ಅವರಿಬ್ಬರ ಮೊದಲ ಜಗಳ ನಡೆದಿತ್ತು.

ಹಿಸ್ಕೆಯ ಅಜ್ಜನ ಕಾಲದಲ್ಲಿ ದೋಣಿಗಳ ಸುಂಕ ಈ ಮೆಟ್ಟಿನಲ್ಲೇ ಮೇಲೆ ಬರುತ್ತಿತ್ತು. ಸುಂಕ ನಿಂತು ಎಷ್ಟೋ ವರ್ಷಗಳಾದವು. ಮೆಟ್ಟು ಮಾತ್ರ ಉಳಿಯಿತು. ವರ್ಷದ ಮೊದಲ ದೋಣಿಗೆ ಅದರಲ್ಲಿ ಸಕ್ಕರೆ ಬ್ರೆಡ್ಡು ಇಳಿಸುವುದು ಅವಳ ಅಪ್ಪ ದೌವೆ ಮಾಡಿದ ರೂಢಿ. ಆ ವರ್ಷದ ಮೊದಲ ದೋಣಿ ದಕ್ಷಿಣದ ಜವುಗು ನೆಲದಿಂದ ಜೊಂಡು ತರುತ್ತಿದ್ದ ಯೊರಿಟ್‌ನದು. ಅವನು ದಾರ ಬಿಚ್ಚಿ ಮೆಟ್ಟನ್ನೇ ಇಟ್ಟುಕೊಂಡುಬಿಟ್ಟ.

"ಏಯ್, ಅದನ್ನ ಯಾಕೆ ತಗೊಂಡೆ?"

"ನೀನೇ ಕೊಟ್ಟಿದ್ದಲ್ವಾ? ಒಂದೇ ಕಾಲಿಂದು ಕೊಟ್ಟಿದೀಯ. ಇನ್ನೊಂದು ಎಲ್ಲಿ?"

"ಅಯ್ಯೋ, ಬ್ರೆಡ್ಡು ತಗೊಂಡು ಮೆಟ್ಟು ಬಿಡಪ್ಪಾ. ನನ್ನ ತಾತಂದು ಅದು."

"ತಾತಂಗೆ ಒಂದೇ ಕಾಲಾ?"

ಆ ನಗುವಿನಿಂದ ಶುರುವಾದದ್ದು ಇಡೀ ಬೇಸಿಗೆ ಮುಂದುವರಿಯಿತು. ಮರುವರ್ಷ ಫೋನ್ ನಂಬರುಗಳ ವಿನಿಮಯವಾಯಿತು. ಬೆಳಿಗ್ಗೆಯ ಮಂಜಿನ ಫೋಟೋ, ಮಧ್ಯಾಹ್ನದ ಬೇಸರ, ಸಂಜೆಯ ಹಾಡಿನ ಒಂದು ಸಾಲು... ಕ್ರಮೇಣ ಯೊರಿಟ್ ಹಾರ್ನ್ ಬಾರಿಸುವುದನ್ನೇ ಬಿಟ್ಟ. ತಿರುವಿನ ಆಚೆಯಿಂದ 'ಬಂದೆ' ಎಂದು ಬರೆದರೆ ಸಾಕು, ಸೇತುವೆ ಏಳುತ್ತಿತ್ತು. ಇಡೀ ಊರಿಗೆ ಕೇಳಿಸುವ ಕರೆ ಅವರಿಬ್ಬರಿಗೆ ಮಾತ್ರ ಕಾಣುವ ಅಕ್ಷರವಾಯಿತು. ಅದರಲ್ಲೊಂದು ಗುಟ್ಟಿನ ಸುಖವಿತ್ತು.

ಅಪ್ಪ ಒಂದೇ ಮಾತು ಹೇಳಿದ್ದರು. "ಗೂಡಿಗೆ ಬಂದ ತಕ್ಷಣ ಫೋನ್ ಡಬ್ಬಿಗೆ ಹೋಗ್ಬೇಕು. ಹಲಗೆ ಇಳಿದ ಮೇಲೆ ತೆಗಿ."

"ಕಾಲ ಬದಲಾಗಿದೆ ಅಪ್ಪ" ಎಂದು ಅವಳು ನಕ್ಕಿದ್ದಳು. ಡಬ್ಬಿ ಖಾಲಿಯಾಗಿಯೇ ಇತ್ತು.

ಮಾರ್ಚ್ ಕೊನೆಯ ಆ ಬುಧವಾರ ಯೊರಿಟ್ ಚುಕ್ಕಾಣಿ ಹಿಡಿದೇ ಬರೆದ: 'ಬಂದೆ. ಏನು ತಂದಿದ್ದೀನಿ ನೋಡು.' ಜೊತೆಗೊಂದು ಫೋಟೋ. ಜೊಂಡಿನ ಎಳೆಗಳಲ್ಲಿ ಹೆಣೆದ ಒಂದು ಪುಟ್ಟ ಉಂಗುರ.

ಹಿಸ್ಕೆಯ ಎಡಗೈಯಲ್ಲಿ ಆ ಫೋಟೋ. ಬಲಗೈ ಗುಂಡಿಯ ಮೇಲೆ. ಕಣ್ಣು ಉಂಗುರದ ಮೇಲೆ.

ಗೇಟು ಇಳಿಯುವ ಹೊತ್ತಿಗೆ ಅದರಡಿ ನುಸುಳಿ ಸೈಕಲ್ಲಿನಲ್ಲಿ ಹಲಗೆಯ ಮೇಲೆ ಬಂದಿದ್ದ ಊರಿನ ಆಲ್ಚೆ ಅಜ್ಜಿ ಅವಳಿಗೆ ಕಾಣಲೇ ಇಲ್ಲ. ಹಲಗೆಯ ಅಂಚು ಒಂದು ಗೇಣು ಎದ್ದಿತ್ತು, ಅಷ್ಟೇ. ಸೈಕಲ್ಲಿನ ಮುಂದಿನ ಚಕ್ರ ಅದಕ್ಕೆ ಬಡಿಯಿತು. ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸದ್ದು. ಆಮೇಲೆ ಒಂದು ನರಳಿಕೆ.

ದೋಣಿಯನ್ನು ದಡಕ್ಕೆ ತಾಗಿಸಿ ಯೊರಿಟ್ ಓಡಿ ಬಂದ. ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಫೋನಿನಿಂದ ಆಂಬುಲೆನ್ಸ್ ಕರೆಸಿದ. ಸೊಂಟದ ಮೂಳೆ ಮುರಿದಿತ್ತು.

ಮರುದಿನ ಕಾಲುವೆ ಕಚೇರಿಯ ಅಧಿಕಾರಿ ಕೇಳಿದ. "ನಿಮಗೆ ಆಕೆ ಯಾಕೆ ಕಾಣಲಿಲ್ಲ?"

ಹಿಸ್ಕೆ ಬಾಯಿ ತೆರೆಯುವ ಮುನ್ನವೇ ಯೊರಿಟ್ ಹೇಳಿದ. "ತಪ್ಪು ನಂದು ಸಾರ್. ನಾನು ಹಾರ್ನ್ ಬಾರಿಸ್ಲಿಲ್ಲ. ಚುಕ್ಕಾಣಿ ಹಿಡ್ಕೊಂಡು ಫೋನ್ ನೋಡ್ತಿದ್ದೆ. ಸಿಗ್ನಲ್ ಕೊಡದೆ ಬಂದಿದ್ರಿಂದ ಅವರಿಗೆ ಗಡಿಬಿಡಿ ಆಯ್ತು."

ಅಧಿಕಾರಿ ಅವಳ ಕಡೆ ತಿರುಗಿದ. "ಹೌದಾ?"

ಆ ಎರಡಕ್ಷರದ ಪ್ರಶ್ನೆಯ ಮುಂದೆ ಅವಳಿಗೆ ಕಂಡದ್ದು ಅಜ್ಜನ ಫೋಟೋ, ಅಪ್ಪನ ಮುಖ. ಈ ಸೇತುವೆಗೆ ಇನ್ನೊಂದು ದೂರು ಬಂದರೆ ಗೂಡು ಮುಚ್ಚಿ ದೂರದ ಪಟ್ಟಣದ ಕಂಪ್ಯೂಟರ್ ಪರದೆಯಿಂದಲೇ ಹಲಗೆ ಎತ್ತುತ್ತೇವೆಂದು ಕಚೇರಿಯವರು ಮೊದಲೇ ಹೇಳಿಟ್ಟಿದ್ದರು.

ಅವಳು ಸುಮ್ಮನಿದ್ದಳು.

ಸುಮ್ಮನಿದ್ದದ್ದನ್ನು ಹೌದೆಂದು ಬರೆದುಕೊಂಡರು. ಆರು ವಾರ ಈ ಕಾಲುವೆಗೆ ಬರಬಾರದೆಂದು ಯೊರಿಟ್‌ಗೆ ಆದೇಶವಾಯಿತು. ಅಂದು ಸಂಜೆಯಿಂದಲೇ ಅವಳು ಬರೆಯತೊಡಗಿದಳು. 'ಕ್ಷಮಿಸು.' 'ನಾನು ಹೇಡಿ.' ಹನ್ನೆರಡನೆಯ ದಿನ ಎಲ್ಲವನ್ನೂ ಬರೆದಳು: 'ನಾನು ನಿನ್ನ ಉಂಗುರ ನೋಡುತ್ತಿದ್ದೆ ಯೊರಿಟ್, ದಾರಿ ನೋಡಲಿಲ್ಲ. ತಪ್ಪು ನನ್ನದು. ಹೊತ್ತುಕೊಂಡವನು ನೀನು.'

ಅದಕ್ಕೂ ಎರಡು ನೀಲಿ ಗೆರೆ ಬಿದ್ದವು. ಅದಕ್ಕೂ ಮೌನ.

ಭಾನುವಾರಗಳಲ್ಲಿ ಚರ್ಚಿನಲ್ಲಿ ಎಲ್ಲರೂ ಕೀರ್ತನೆ ಹಾಡುವಾಗ ಅವಳ ಗಂಟಲು ಏಳುತ್ತಿರಲಿಲ್ಲ. ಮೂರನೆಯ ಸಾಲಿನಲ್ಲಿ ಆಲ್ಚೆ ಅಜ್ಜಿಯ ಜಾಗ ಖಾಲಿ ಇರುತ್ತಿತ್ತು. ಅಲ್ಲಿ ಯಾರೂ ಕೂರುತ್ತಿರಲಿಲ್ಲ.

* * *

"ಅವನು ಬಂದಿದ್ನಂತೆ" ಎಂದರು ಅಪ್ಪ ಊಟದ ಮೇಜಿನ ಬಳಿ. ಬಟಾಣಿ ಸಾರು ಆರುತ್ತಿತ್ತು.

"ಬಂದ. ಹೋದ."

"ಏನಂದ?"

"ಸೇತುವೆ ನೋಡು ಅಂದ."

ದೌವೆ ಚಮಚ ಕೆಳಗಿಟ್ಟರು. "ಸರಿಯಾಗೇ ಹೇಳಿದಾನಲ್ಲ."

"ಅಪ್ಪ..."

"ಆಲ್ಚೆ ಆಸ್ಪತ್ರೆಯಿಂದ ಮನೆಗೆ ಬಂದು ನಾಲ್ಕು ದಿನ ಆಯ್ತು. ಆ ಹುಡುಗ ಅಲ್ಲಿಗೆ ವಾರಕ್ಕೆರಡು ಸಲ ಹೋಗಿದ್ನಂತೆ, ಬಸ್ಸಲ್ಲಿ. ಗೊತ್ತಾ ನಿಂಗೆ?"

ಅವಳಿಗೆ ಗೊತ್ತಿರಲಿಲ್ಲ.

"ನೀನು ಎಷ್ಟು ಸಲ ಹೋದೆ ಅಂತ ನಾನು ಕೇಳಲ್ಲ. ನಂಗೊತ್ತು" ಎಂದು ಅಪ್ಪ ತಟ್ಟೆಯತ್ತ ಬಗ್ಗಿದರು. ಅವಳನ್ನು ನೋಡದೆಯೇ ಹೇಳಿದರು. "ಗೂಡು ಹೋದ್ರೆ ಹೋಗ್ಲಿ ಮಗಳೇ. ನನ್ನ ಮುಖ ನೋಡ್ಕೊಂಡು ಏನನ್ನಾದ್ರೂ ನುಂಗ್ಕೊಂಡಿದ್ರೆ, ಉಗುಳಿಬಿಡು."

ಅಂದರೆ ಅಪ್ಪನಿಗೆ ಮೊದಲಿನಿಂದಲೂ ಅನುಮಾನವಿತ್ತು...

ಸಾರು ಅರ್ಧಕ್ಕೇ ಬಿಟ್ಟು ಹಿಸ್ಕೆ ಎದ್ದಳು.

* * *

ಆಲ್ಚೆ ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕಾಲ ಮೇಲೆ ಕಂಬಳಿ, ತೊಡೆಯ ಮೇಲೆ ಬೈಬಲ್ಲು. ತುಟಿ ಅಲುಗುತ್ತಿತ್ತು. ಪುಸ್ತಕ ಮುಚ್ಚಿಯೇ ಇತ್ತು. ಕೀರ್ತನೆಗಳೆಲ್ಲ ಅವರಿಗೆ ಬಾಯಿಪಾಠ.

"ಬಂದೆಯಾ" ಎಂದರು. ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ. "ಟೀ ಮಾಡ್ಕೊ. ನಂಗೂ ಒಂದು ಲೋಟ. ನಾನು ಏಳೋ ಹಾಗಿಲ್ಲ, ಯಾಕೆ ಅಂತ ನಿಂಗೊತ್ತಲ್ಲ."

ಟೀ ತಂದಿಡುವಾಗ ಹಿಸ್ಕೆಯ ಕಣ್ಣು ಮೇಜಿನ ಮೇಲೆ ನಿಂತಿತು. ಅಲ್ಲೊಂದು ಫೋನ್ ಇತ್ತು. ಮೂಲೆಯಲ್ಲಿ ಸೀಳಿದ ಗಾಜು, ಹಿಂದೆ ನೀಲಿ ಬಣ್ಣದ ಕಲೆ. ಹೋದ ಬೇಸಿಗೆಯಲ್ಲಿ ದೋಣಿಗೆ ಬಣ್ಣ ಬಳಿಯುವಾಗ ಅವಳ ಬೆರಳಿನಿಂದಲೇ ಮೆತ್ತಿದ ಕಲೆ ಅದು.

"ಇದು... ಯೊರಿಟ್‌ದು."

"ಅವಂದೇ. ಬಿದ್ದಾಗ ನನ್ನ ಫೋನು ಚೂರಾಯ್ತಲ್ಲ. ನಾರ್ವೇಲಿರೋ ಮಗಳಿಗೆ ದಿನಾ ನನ್ನ ಮುಖ ನೋಡ್ಬೇಕು. ಈ ಹುಡುಗ ಆಸ್ಪತ್ರೆಗೆ ಬಂದೋನು ಫೋನಿನ ಲಾಕನ್ನೂ ತೆಗೆದು ಕೈಗಿಟ್ಟು ಹೋದ. 'ನಂಗೆ ಬೇಡ ಅಜ್ಜಿ, ಇದನ್ನ ಮುಟ್ಟಿದ್ರೆ ನಿಮ್ಮ ಸೈಕಲ್ ಬಿದ್ದ ಸದ್ದೇ ಕೇಳ್ಸುತ್ತೆ' ಅಂದ. ಈಗೊಂದು ಗುಂಡಿ ಒತ್ತೋ ಹಳೇ ಫೋನ್ ಇಟ್ಕೊಂಡಿದಾನೆ."

ಹಿಸ್ಕೆ ಫೋನಿನತ್ತ ಬಗ್ಗಿದಳು.

"ಯಾವಾಗ... ಯಾವಾಗ ಕೊಟ್ಟ?"

"ನಾನು ಬಿದ್ದ ಮರುದಿನ."

ಮರುದಿನ. ಅಂದರೆ ಮೊದಲ ಸಂದೇಶಕ್ಕೂ ಮುಂಚೆ. ಹಾಗಾದರೆ ಆ ನೀಲಿ ಗೆರೆಗಳು...

"ಹೂಂ" ಎಂದರು ಅಜ್ಜಿ. "ನಲವತ್ತೊಂದು. ಒಂದೂ ನನ್ನ ಹೆಸರಿಗೆ ಬಂದಿದ್ದಲ್ಲ. ಬೇರೆಯವರ ಕಾಗದ ಓದೋದು ಪಾಪ ಅಂತ ಗೊತ್ತು. ಮೊದಲ್ನೇದು ಮಗಳ ಫೋನ್ ಅಂತ ಒತ್ತಿದೆ, ಕಣ್ಣಿಗೆ ಬಿತ್ತು. ಆಮೇಲಿಂದು... ಬಿಡು, ಆಮೇಲಿಂದಕ್ಕೆ ಸುಳ್ಳು ನೆಪ ಹೇಳಲ್ಲ. ದಿನಾ ಸಂಜೆ ಕಾಯ್ತಿದ್ದೆ."

"ಹನ್ನೆರಡನೇದೂ..."

"ಅದನ್ನ ಎರಡು ಸಲ ಓದಿದೆ."

ಟೀ ಲೋಟದಿಂದ ಆವಿ ಏಳುತ್ತಿತ್ತು. ಹೊರಗೆ ಯಾರದೋ ಸೈಕಲ್ಲಿನ ಗಂಟೆ ಕೇಳಿಸಿತು. ಹಿಸ್ಕೆ ಮೊಣಕಾಲೂರಿ ನೆಲದ ಮೇಲೆ ಕೂತಳು.

"ಎಲ್ಲಾ ಗೊತ್ತಿದ್ದೂ ಕಚೇರಿಗೆ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಹೇಳೋಕೆ ಅದು ನಂದಾ? ನೀನು ಬಂದು ಹೇಳ್ತೀಯ ಅಂತ ಕಿಟಕಿ ನೋಡ್ತಾ ಕೂತಿದ್ದೆ. ಬೆರಳಲ್ಲಿ ಎಷ್ಟು ಚೆನ್ನಾಗಿ ಬರೀತೀಯ ಹುಡುಗಿ, ಕಣ್ಣಲ್ಲಿ ನೀರು ಬರುತ್ತೆ. ಬಾಯಲ್ಲಿ ಒಂದು ಸಲ ಹೇಳು."

ಅವಳು ಹೇಳಿದಳು. ಬರೆದದ್ದಕ್ಕಿಂತ ಕೆಟ್ಟದಾಗಿ, ತಡವರಿಸಿ, ಅತ್ತು, ಅರ್ಧ ಮಾತು ನುಂಗಿ. ತಾನು ಫೋನ್ ನೋಡುತ್ತಿದ್ದೆ ಎಂದಳು. ದಾರಿ ನೋಡಲಿಲ್ಲ ಎಂದಳು. ಇನ್ನೊಬ್ಬ ಹೊತ್ತುಕೊಂಡಾಗ ಸುಮ್ಮನಿದ್ದೆ ಎಂದಳು.

ಆಲ್ಚೆ ಅಜ್ಜಿ ಅವಳ ತಲೆಯ ಮೇಲೆ ಕೈ ಇಟ್ಟರು. ಆ ಕೈ ಹಗುರವಾಗಿಯೇನೂ ಇರಲಿಲ್ಲ.

"ಗೇಟು ಇಳೀತಾ ಇದ್ದಾಗ ನುಸುಳಿದೋಳು ನಾನು. ನನ್ನ ಪಾಲಿಂದು ನಾನು ದೇವರ ಹತ್ರ ಮಾತಾಡ್ಕೋತೀನಿ. ನಿಂದು ನೀನು ಹೇಳ್ಬೇಕಾದ ಕಡೆ ಹೇಳು. ನೋವು ಹೋಗಿಲ್ಲ, ಸಿಟ್ಟೂ ಪೂರ್ತಿ ಹೋಗಿಲ್ಲ. ಆದ್ರೂ ನಾಳೆ ಬಾ. ಟೀ ಚೆನ್ನಾಗಿ ಮಾಡ್ತೀಯ."

ಹೊರಡುವಾಗ ಅಜ್ಜಿ ಫೋನನ್ನು ಅವಳ ಕೈಗೆ ತುರುಕಿದರು. "ಮಗಳು ಹೊಸದು ಕಳಿಸಿದಾಳೆ. ಇದನ್ನ ಅವನಿಗೆ ತಲುಪಿಸು. ಲಾಕ್ ಹಾಕ್ಕೊ ಅಂತಾನೂ ಹೇಳು. ನೀನಿನ್ನೇನಾದ್ರೂ ಬರೆದ್ರೆ ನಾನು ಓದೋ ಹಾಗಿರಬಾರದು. ನಂಗೆ ಬಿ.ಪಿ. ಇದೆ."

* * *

ಸೋಮವಾರ ಬೆಳಿಗ್ಗೆ ಹಿಸ್ಕೆ ಕಾಲುವೆ ಕಚೇರಿಯಲ್ಲಿ ಅದೇ ಅಧಿಕಾರಿಯ ಮುಂದೆ ನಿಂತಳು. ಎರಡನೆಯ ಸಲ ಹೇಳುವಾಗ ಧ್ವನಿ ಅಷ್ಟಾಗಿ ನಡುಗಲಿಲ್ಲ.

ಯೊರಿಟ್‌ನ ಹೆಸರಿನ ಮುಂದೆ ಬರೆದದ್ದನ್ನು ತಿದ್ದಿದರು. ಅವನು ಹಾರ್ನ್ ಬಾರಿಸದಿದ್ದದ್ದು ಅವನದೇ ತಪ್ಪಾಗಿ ಉಳಿಯಿತು. ಉಳಿದದ್ದು ಅವಳ ಹೆಸರಿಗೆ ಬಂತು. ಸೆಪ್ಟೆಂಬರ್‌ವರೆಗೆ ಅವಳು ಗುಂಡಿ ಮುಟ್ಟುವಂತಿಲ್ಲ. ಆಮೇಲೆ ಹೊಸದಾಗಿ ಪರೀಕ್ಷೆ. ಅಲ್ಲಿಯವರೆಗೆ ನಿವೃತ್ತರಾದ ದೌವೆಯೇ ಗೂಡಿಗೆ ಬರಬೇಕು. ಅವಳು ಪರೀಕ್ಷೆಯಲ್ಲಿ ಸೋತರೆ ಗೂಡಿಗೆ ಬೀಗ.

"ಆಮೇಲೆ ಏನಾಗುತ್ತೋ ಹೇಳೋಕಾಗಲ್ಲ" ಎಂದ ಅಧಿಕಾರಿ.

"ಗೊತ್ತು" ಎಂದಳು. ಆರು ವಾರಗಳಲ್ಲಿ ಮೊದಲ ಬಾರಿಗೆ ಅವಳಿಗೆ ಹಸಿವಾಗಿತ್ತು.

ಗುರುವಾರ ಹತ್ತು ಗಂಟೆಗೆ ತಿರುವಿನ ಆಚೆಯಿಂದ ಹಾರ್ನ್ ಕೇಳಿಸಿತು. ಒಂದು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ.

ಅಪ್ಪ ಕನ್ನಡಕ ಸರಿಪಡಿಸಿಕೊಂಡು ಗುಂಡಿಯ ಮುಂದೆ ನಿಂತರು. ಮೂಲೆಯಲ್ಲಿದ್ದ ಮಗಳತ್ತ ತಿರುಗದೆಯೇ ಹೇಳಿದರು. "ಗುಂಡಿ ಮುಟ್ಬಾರದು ಅಂದಿದಾರೆ. ಗಾಳ ಮುಟ್ಬಾರದು ಅಂತ ಎಲ್ಲೂ ಬರೆದಿಲ್ಲ."

ಹಿಸ್ಕೆ ಮೆಟ್ಟಿನೊಳಗೆ ಬ್ರೆಡ್ಡಿನ ತುಂಡನ್ನೂ ಅವನ ಫೋನನ್ನೂ ಇಟ್ಟು ಕೆಳಗಿಳಿಸಿದಳು. ಗೇಟಿನ ಹಿಂದೆ ಏಳೆಂಟು ಸೈಕಲ್‌ಗಳು ಕಾಯುತ್ತಿದ್ದವು. ದೋಣಿ ಹಲಗೆಯ ಕೆಳಗೆ ಬಂತು. ಯೊರಿಟ್ ಮೆಟ್ಟಿನೊಳಗೆ ಇಣುಕಿದ. ಇಂಜಿನ್ನಿನ ವೇಗ ತಗ್ಗಿಸಿದ.

"ಇದು ಆಲ್ಚೆ ಅಜ್ಜಿ ಹತ್ರ ಇತ್ತಲ್ಲ?"

"ಅದರಲ್ಲಿ ನಾನು ಬರೆದಿದ್ದೆಲ್ಲ ಇದೆ. ನಿಂಗೆ ಅಂತ ಬರೆದಿದ್ದು, ಅಜ್ಜಿ ಓದಿದ್ದು. ನೀನು ನೋಡಿಯೂ ಸುಮ್ನಿದೀಯ ಅಂತ ನಾನು..." ಅವಳು ತಲೆ ಅಲ್ಲಾಡಿಸಿದಳು. "ನಂಗೆ ಗೊತ್ತಿರಲಿಲ್ಲ ಯೊರಿಟ್."

ಅವನ ಮುಖದ ಬಣ್ಣ ಬದಲಾಯಿತು. "ನೀನು ಬರೆದಿದ್ಯಾ? ಅವತ್ತು ಇಂಜಿನ್ ಸದ್ದಲ್ಲಿ ನಿನ್ನ ಮಾತು ಕೇಳಿಸ್ಲೇ ಇಲ್ಲ. ಒಂದು ಸಾಲೂ ಬರೆಯೋಲ್ಲ ಅನ್ಕೊಂಡಿದ್ದೆ. ನನ್ನ ಫೋಟೋದಿಂದ್ಲೇ ನಿನ್ನ ಸೇತುವೆಗೆ ಹೀಗಾಯ್ತು, ನನ್ನ ಮುಖ ನೋಡೋಕೂ ನಿಂಗೆ ಇಷ್ಟ ಇಲ್ಲ ಅಂತ..."

"ಮೊನ್ನೆ ಯಾಕೆ ಹಾಗಂದೆ ಮತ್ತೆ? ಸೇತುವೆ ನೋಡು ಅಂತ."

"ಹಲಗೆ ಮೇಲಿತ್ತು, ನೀನು ನನ್ನನ್ನೇ ನೋಡ್ತಿದ್ದೆ. ಭಯ ಆಯ್ತು ನಂಗೆ. ನಿಂಗೆ ಇನ್ನೊಂದು ಸಲ ಅಂಥದ್ದು ಆಗಬಾರದು ಅಂತ."

ಅದು ಚುಚ್ಚುಮಾತಾಗಿರಲಿಲ್ಲ. ಅದೊಂದು ಪ್ರಾರ್ಥನೆಯಾಗಿತ್ತು.

"ಕೊನೇದನ್ನ ಓದು" ಎಂದಳು ಹಿಸ್ಕೆ. "ಒಂದೇ ಸಾಲು. ಈಗ್ಲೇ ಓದು."

ಯೊರಿಟ್ ಬ್ರೆಡ್ಡಿನ ತುಂಡನ್ನು ಎತ್ತಿಕೊಂಡ. ಫೋನನ್ನು ಮೆಟ್ಟಿನಲ್ಲೇ ಬಿಟ್ಟು ಅದನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದ. ಇನ್ನೊಂದು ಕೈ ಚುಕ್ಕಾಣಿಯ ಮೇಲೆಯೇ ಇತ್ತು.

"ದೋಣಿ ನಡೆಸೋವಾಗ ನೋಡಲ್ಲ. ಬಾಯಲ್ಲಿ ಹೇಳು."

ಎಲ್ಲರೂ ಬಾಯಲ್ಲೇ ಹೇಳು ಎನ್ನುತ್ತಾರಲ್ಲ... ಸೈಕಲ್ಲಿನವರು ಕಿವಿ ನಿಮಿರಿಸಿದರು. ಅಪ್ಪ ಮಾತ್ರ ಎಡಕ್ಕೂ ಬಲಕ್ಕೂ ನೋಡುತ್ತ, ಏನೂ ಕೇಳಿಸದವರಂತೆ ನಿಂತಿದ್ದರು.

"ಆ ಜೊಂಡಿನ ಉಂಗುರ ಇನ್ನೂ ಇದ್ರೆ," ಹಿಸ್ಕೆ ಕಿಟಕಿಯಿಂದ ಬಗ್ಗಿ ಹೇಳಿದಳು, "ನಂಗೆ ಬೇಕು. ನೀನೂ ಬೇಕು."

ಯೊರಿಟ್ ಬ್ರೆಡ್ಡಿನ ತುಂಡನ್ನು ಪಕ್ಕಕ್ಕಿಟ್ಟ. ಆಮೇಲೆ ಅಂಗಿಯ ಜೇಬು ತಟ್ಟಿ ತೋರಿಸಿದ. "ಒಣಗಿ ಹಳದಿ ಆಗಿದೆ. ನಡೆಯುತ್ತಾ?"

"ನಡೆಯುತ್ತೆ."

"ಸಂಜೆ ದೋಣಿ ಕಟ್ಟಿ ಬರ್ತೀನಿ. ಫೋನ್ ಅಲ್ಲಿ ತನಕ ನಿನ್ನ ಡಬ್ಬೀಲಿರ್ಲಿ. ಅಪ್ಪನ ಮುಂದೆ ಕೂತು ಮಾತಾಡ್ತೀನಿ. ಆಮೇಲೆ ದಂಡೆ ಮೇಲೆ ನಿನ್ನ ಪಕ್ಕ ಕೂತು ಎಲ್ಲಾನೂ ಓದ್ತೀನಿ."

ಎಲ್ಲವನ್ನೂ... ಆ ಅಳು, ಆ ಬೇಡಿಕೆ, ತನ್ನನ್ನೇ ತಾನು ಬೈದುಕೊಂಡ ಆ ಸಾಲುಗಳು. ನಾಚಿಕೆಯಿಂದ ಅವಳ ಕಿವಿ ಸುಟ್ಟಿತು.

"ಬೇಡ ಯೊರಿಟ್. ಓದ್ಬೇಡ. ನಂಗೋಸ್ಕರ ಎಲ್ಲಾ ಅಳಿಸಿಬಿಡು."

ದೋಣಿ ಹಲಗೆಯ ನೆರಳಿನಿಂದ ಆಚೆ ಬಿಸಿಲಿಗೆ ಸರಿಯಿತು. ಅವನು ಹಿಂತಿರುಗಿ ನೋಡಲಿಲ್ಲ. ಕಣ್ಣು ಮುಂದಿನ ನೀರಿನ ಮೇಲೇ ಇತ್ತು. ಧ್ವನಿ ಮಾತ್ರ ಹಿಂದಕ್ಕೆ ಬಂತು.

"ಇಲ್ಲ ಹಿಸ್ಕೆ. ಒಂದನ್ನೂ ಅಳಿಸಲ್ಲ."